ಬೀಗರು ಕೊಟ್ಟ ಕರಿ ಟೋಪಿ

“ಹಂಗೆ ಎಳೀಬ್ಯಾಡ್ರಿ ಅಂದೆ. ಅದೇನು ಎಮ್ಮೆ ಕಿವಿ ಅನ್ಕೊಂಡ್ರಾ?”

“ನೀ ಸುಮ್ಕಿರೆ ಅನ್ನಪೂರ್ಣ. ಚನ್ನಗಿರಿ ಅಡಿಕೆ ಮಂಡಿ ದಲ್ಲಾಳಿಗಳನ್ನೇ ಬಗ್ಗಿಸಿದೋನು ನಾನು. ಈ ಅಂಗೈಯಗಲದ ಟೋಪಿ ಬಗ್ಗಲ್ಲ ಅಂತೀಯಾ?”

ಟೋಪಿ ಬಗ್ಗಲಿಲ್ಲ. ಕುಂಬಳಕಾಯಿಯ ಮೇಲೆ ಬಟ್ಟಲು ಬೋರಲು ಹಾಕಿದಂತೆ ಮುರುಗೇಶಪ್ಪನವರ ನೆತ್ತಿಯ ಮೇಲೆ ಕೂತಿತ್ತು. ಮಗಳು ರುದ್ರಾಣಿಯ ನಿಶ್ಚಯದ ದಿನ ಬೀಗರಿಬ್ಬರೂ ಒಬ್ಬರ ತಲೆಗೊಬ್ಬರು ಉಣ್ಣೆಯ ಕರಿ ಟೋಪಿ ಇಟ್ಟು ಅಪ್ಪಿಕೊಂಡಿದ್ದರು. ಫೋಟೋ ತೆಗೆಸಿದ ಮರುಗಳಿಗೆಯೇ ಟೋಪಿಗಳು ಪೆಟ್ಟಿಗೆ ಸೇರಿದ್ದರಿಂದ ಅಳತೆಯ ಕಡೆ ಯಾರ ಗಮನವೂ ಹೋಗಿರಲಿಲ್ಲ. ಇವತ್ತು ಬೀಗ ಬೆನಕಪ್ಪನವರು ಲಗ್ನದ ದಿನ ಗೊತ್ತುಮಾಡಲು ಹೊನ್ನಾಳಿಯಿಂದ ಬರುವವರಿದ್ದರು. ಅವರು ಕೊಟ್ಟ ಟೋಪಿ ಹಾಕಿಕೊಂಡೇ ಅವರನ್ನು ಎದುರುಗೊಳ್ಳಬೇಕು. ಬರಿತಲೆಯಲ್ಲಿ ನಿಂತರೆ ಉಡುಗೊರೆ ಹಿಡಿಸಲಿಲ್ಲ ಎಂದೇ ಅರ್ಥ. ಇಷ್ಟಕ್ಕೇ ನ್ಯಾಮತಿಯಲ್ಲೊಂದು ಸಂಬಂಧ ಮುರಿದುಬಿದ್ದದ್ದು ಮುರುಗೇಶಪ್ಪನವರ ಕಣ್ಣೆದುರಿಗೇ ಇತ್ತು.

“ಅಪ್ಪಾಜಿ, ಹೀಟ್ ಮಾಡಿದ್ರೆ ಎಲ್ಲಾನೂ ಎಕ್ಸ್‌ಪ್ಯಾಂಡ್ ಆಗುತ್ತೆ. ನಮ್ ಫಿಸಿಕ್ಸ್ ಲೆಕ್ಚರರ್ ಹೇಳಿದಾರೆ,” ಎಂದಳು ರುದ್ರಾಣಿ. ದಾವಣಗೆರೆ ಕಾಲೇಜಿನಲ್ಲಿ ಓದುವ ಅವಳಿಗೆ ಮನೆಯ ಯಾವ ಸಂಕಟವೂ ಪ್ರಯೋಗವೇ.

“ಕೇಳ್ದ್ಯೇನೆ? ಮಗಳನ್ನ ಕಾಲೇಜಿಗೆ ಕಳಿಸಿದ್ದು ಇವತ್ತು ಉಪಯೋಗಕ್ಕೆ ಬಂತು.”

“ತಡೀರಿ, ಸ್ಟವ್ ಮೇಲೆ ನೀರಿಡ್ತೀನಿ.”

“ಸೀಮೆಎಣ್ಣೆ ಯಾಕೆ ದಂಡ? ಹಿತ್ತಲಾಗೆ ಅಷ್ಟು ಹಬೆ ಐತೆ!”

ಹಿತ್ತಲಲ್ಲಿ ಹಂಡೆಯ ತುಂಬ ಅಡಿಕೆ ಕುದಿಯುತ್ತಿತ್ತು. ಅಡಿಕೆ ಬೆಂದ ನೀರು, ಅಂದರೆ ಚೊಗರು, ಗಟ್ಟಿಯಾಗಿ ಕೆಂಪಗೆ ಕೊತಕೊತ ಎನ್ನುತ್ತಿತ್ತು. ಮುರುಗೇಶಪ್ಪನವರು ಇಕ್ಕಳದಲ್ಲಿ ಟೋಪಿ ಹಿಡಿದು, ಯಜ್ಞಕುಂಡದ ಮುಂದೆ ನಿಂತ ಮಹಾರಾಜರ ಗತ್ತಿನಲ್ಲಿ ಹಬೆಗೆ ಒಡ್ಡಿದರು. ಹಬೆ ಕಣ್ಣಿಗೆ ನುಗ್ಗಿತು. ಮಹಾರಾಜರು ಸೀನಿದರು. ಟೋಪಿ ಹಂಡೆಗೆ ಬಿತ್ತು.

ಜಾಲರಿ ಸೌಟು ಹಾಕಿ ಎತ್ತುವಷ್ಟರಲ್ಲಿ ಅದು ಚೊಗರು ಕುಡಿದು ಬಾಡಿದ ಸೊಪ್ಪಿನಂತಾಗಿತ್ತು. ಆದರೆ ಆಶ್ಚರ್ಯ ನೋಡಿ, ಹಿಂಡಿ ತಲೆಗೆ ಎಳೆದರೆ ಕಿವಿಯ ತನಕ ಇಳಿಯಿತು.

“ಹೆಂಗೈತೆ?” ಎಂದು ಮುರುಗೇಶಪ್ಪನವರು ಬೀಗಿದರು. “ಕರಿ ಬಣ್ಣ, ಕಲೆ ಕಾಣಲ್ಲ. ತಲೆ ಮೇಲೇ ಒಣಗಿದ್ರೆ ತಲೆ ಅಳತೆಗೇ ನಿಲ್ಲುತ್ತೆ.”

ಜಗಲಿಯ ಬಿಸಿಲಿನಲ್ಲಿ ಕೂತರು. ಎದ್ದರು. ಬೀದಿಯ ತುದಿ ನೋಡಿ ಬಂದರು. ಮತ್ತೆ ಕೂತರು. ಹಾರನ್ ಕೇಳಿದರೆ ಬೀಗರು, ಸೈಕಲ್ ಬೆಲ್ ಕೇಳಿದರೂ ಬೀಗರು. ಹಣೆಯ ಸುತ್ತ ಏನೋ ಬಿಗಿಯುತ್ತಿರುವುದು ಗೊತ್ತಾಗಿ ಟೋಪಿ ಎತ್ತಲು ಹೋದರು. ಟೋಪಿಯ ಜೊತೆ ಹುಬ್ಬೂ ಮೇಲೆದ್ದಿತು.

“ಅನ್ನಪೂರ್ಣ, ಬಾರೆ ಇಲ್ಲಿ. ಮೆಲ್ಲಗೆ ಎತ್ತು.”

ಆಕೆ ಎತ್ತಿದರು. “ಅಯ್ಯಯ್ಯೋ, ಕೂದಲು ಕಣೇ!” ಎಂದು ಮುರುಗೇಶಪ್ಪನವರು ಚೀರಿದರು.

“ಚೊಗರು ರೀ ಅದು. ಒಣಗಿದ್ರೆ ಗೋಂದು ಇದ್ದಂಗೆ. ನಾನೇನು ಮಾಡ್ಲಿ?”

“ಅಪ್ಪಾಜಿ, ಇನ್ನೊಂದ್ಸಲ ಹೀಟ್ ಮಾಡೋಣ್ವಾ?” ಎಂದಳು ರುದ್ರಾಣಿ, ಸೆರಗು ಬಾಯಿಗೆ ತುರುಕಿಕೊಂಡು.

“ಫಿಸಿಕ್ಸ್ ತಗೊಂಡು ಒಳಗೆ ಹೋಗು!”

ಅಷ್ಟರಲ್ಲಿ ಬೆನಕಪ್ಪನವರು ಅಂಗಳಕ್ಕೆ ಬಂದೇಬಿಟ್ಟರು. ಅವರ ಟೋಪಿ ಹುಬ್ಬು ದಾಟಿ ಕಣ್ಣಿಗಿಳಿದಿತ್ತು. ಅದನ್ನು ಮೇಲೆತ್ತಿ ನೋಡಿದವರೇ ಗಾಬರಿಯಾದರು. “ಬೀಗ್ರೆ, ತಲೆಗೆ ಪೆಟ್ಟು ಬಿತ್ತಾ? ಕೆಂಪಗೆ ಇಳೀತೈತೆ!”

“ಬೆವರು ರೀ, ಬೆವರು,” ಎಂದು ಮುರುಗೇಶಪ್ಪನವರು ಬೆವರಿಗೆ ಕರಗಿ ಇಳಿದ ಚೊಗರನ್ನು ಟವೆಲಿನಲ್ಲಿ ಒರೆಸಿಕೊಂಡರು.

ಬೆನಕಪ್ಪನವರು ಸಂಕೋಚದಿಂದ ತಮ್ಮ ಟೋಪಿ ತೆಗೆದರು. ಒಳಗೆ ಮಡಿಸಿದ ಹಳೇ ಪಂಚೆ. “ಸಿಟ್ಟಾಗಬ್ಯಾಡ್ರಿ ಬೀಗ್ರೆ. ನೀವು ಕೊಟ್ಟಿದ್ದು ನನಗೆ ದೊಡ್ಡದು. ಅಂಗಡ್ಯಾಗೆ ನಿಮ್ ತಲೆಗೆ ಹಾಕ್ಕೊಂಡು ನೋಡಿ ತಂದಿದ್ರೇನೋ?”

“ಹೂಂ, ಮತ್ತೆ?”

“ನಾನೂ ನನ್ ತಲೆಗೇ ಹಾಕ್ಕೊಂಡು ನೋಡಿ ತಂದಿದ್ದೆ. ಬದಲಾಯಿಸ್ಕೊಂಡ್ರೆ ಇಬ್ರಿಗೂ ಸರಿ ಹೋಗುತ್ತೆ. ಎಲ್ಲಿ, ಕೊಡ್ರಿ ನಿಮ್ದು.”

ಮುರುಗೇಶಪ್ಪನವರು ಎರಡೂ ಕೈಯಲ್ಲಿ ಟೋಪಿ ಅವುಚಿಕೊಂಡರು. “ಇವತ್ತು ಬ್ಯಾಡ.”

ಬೆನಕಪ್ಪನವರು ಬೀಗರ ಭುಜ ತಟ್ಟಿದರು. “ನಾ ಕೊಟ್ಟ ಟೋಪಿ ಮೇಲೆ ಇಷ್ಟೊಂದು ಪ್ರೀತಿನಾ? ಆಗ್ಲಿ. ಮುಂದಿನ ಸೋಮವಾರ ಲಗ್ನಪತ್ರಿಕೆ ಬರೆಸಾಕೆ ಹೆಂಗೂ ಬರ್ತೀನಿ. ಆವಾಗ ಬದಲಾಯಿಸ್ಕೊಳ್ಳಾಣ.”

“ಬರ್ರಿ ಅಣ್ಣಾರೆ,” ಎಂದರು ಅನ್ನಪೂರ್ಣಮ್ಮ, ಕಾಫಿ ಲೋಟ ಮುಂದಿಡುತ್ತ. “ಅಷ್ಟರಾಗೆ ಟೋಪಿ ಬಿಡಿಸಿ ಇಟ್ಟಿರ್ತೀವಿ. ಅದು ತಲೆಯಿಂದ ಬರದೇ ಇದ್ರೆ ನಮ್ಮನೆಯೋರ್ನೂ ಸೇರಿಸಿ ಹೊನ್ನಾಳಿಗೆ ಕರ್ಕೊಂಡು ಹೋಗ್ರಿ.”