ಬೇರೆ ಕಂಪನಿಯ ಗುಳಿಗೆ

ಓದಲು ಬರುವುದಕ್ಕೂ ಓದುವುದಕ್ಕೂ ಬಹಳ ಅಂತರವಿದೆ. ಮದುವೆಯ ಲಗ್ನಪತ್ರಿಕೆಯಲ್ಲಿ ಯಾವ ಕಾಕಾನ ಹೆಸರು ಬಿಟ್ಟುಹೋಗಿದೆ ಎಂಬುದನ್ನು ಒಂದೇ ನೋಟಕ್ಕೆ ಹೇಳಬಲ್ಲ ನಾನು, ದಿನವೂ ಬೆಳಗ್ಗೆ ನನ್ನ ಹೊಟ್ಟೆಗೆ ಹೋಗುವ ಗುಳಿಗೆಯ ಬಾಟಲಿಯ ಮೇಲೆ ಏನು ಬರೆದಿದ್ದಾರೆಂದು ವರ್ಷಗಟ್ಟಲೆ ನೋಡಿರಲಿಲ್ಲ. ಹೋಗಲಿ, ನಾನೇನು ಓದುಬರಹ ಬಾರದವಳೇ? ಇಳಕಲ್ಲಿನಿಂದ ಬಸ್ಸು ಹಿಡಿದು ಹುನಗುಂದಕ್ಕೆ ಹೋಗಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಬರುವವಳು. ಅದರಲ್ಲೂ ಹಾರ್ಮೋನುಗಳ ಪಾಠವೆಂದರೆ ನನಗೆ ಪಂಚಪ್ರಾಣ. ಥೈರಾಯ್ಡ್ ಗ್ರಂಥಿಯನ್ನು ಹಲಗೆಯ ಮೇಲೆ ಚಿಟ್ಟೆಯಂತೆ ಬರೆದು, "ಇಷ್ಟ ಸಣ್ಣದು ನೋಡ್ರಿ, ಇಡೀ ದೇಹಾನ ಕುಣಸ್ತೈತಿ" ಎಂದು ನಾನು ಹೇಳಿದರೆ ಕೊನೆಯ ಬೆಂಚಿನವರೂ ತಮ್ಮ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಾರೆ. ಆ ಗ್ರಂಥಿ ನನ್ನನ್ನೇ ಕುಣಿಸಿದ ಕಥೆಯನ್ನು ಮಾತ್ರ ನಾನು ತರಗತಿಯಲ್ಲಿ ಹೇಳುವುದಿಲ್ಲ. ನಿಮ್ಮ ಮುಂದೆ ಹೇಳುತ್ತೇನೆ, ನೀವು ಪರೀಕ್ಷೆ ಬರೆಯುವವರಲ್ಲವಲ್ಲ.

ಥೈರಾಯ್ಡ್ ಬೇನೆ ನಮ್ಮ ಮನೆಗೆ ಮೊದಲು ಬಂದದ್ದು ಅತ್ತೆಗೆ. ಕೆಲವು ವರ್ಷ ಕಳೆದು ನನಗೂ ಬಂತು. ಸುದ್ದಿ ತಿಳಿದ ದಿನ ಎದುರುಮನೆಯ ಹಿರಿಯಳು ಬಾಗಿಲಲ್ಲೇ ನಿಂತು, "ಅತ್ತಿಯಾದಾಕಿ ಸೊಸಿಗೆ ಬಂಗಾರ ಕೊಡ್ತಾಳ ಅಂತ ಕೇಳಿದ್ದೆ. ನೀ ಬ್ಯಾನಿ ಕೊಟ್ಟೆಲ್ಲ ಗೌರಕ್ಕ!" ಎಂದು ನಗೆಯಾಡಿದಳು. ನಮ್ಮ ಅತ್ತೆಗೆ ಬೇಸರವೇನೂ ಆದಂತೆ ಕಾಣಲಿಲ್ಲ. ಕಡೆಗೂ ಇಬ್ಬರಿಗೂ ಹೊಂದುವಂಥದ್ದು ಒಂದು ಸಿಕ್ಕಿತೆಂಬ ಸಮಾಧಾನವೇ ಮುಖದಲ್ಲಿತ್ತು. ಅವರದು ಸಣ್ಣ ಪ್ರಮಾಣ, ಇಪ್ಪತ್ತೈದರ ಗುಳಿಗೆ. ನನ್ನ ಗ್ರಂಥಿ ಸಂಪೂರ್ಣ ಕೈಚೆಲ್ಲಿ ಕೂತಿದ್ದರಿಂದ ನನಗೆ ನೂರರದು. ಎರಡನ್ನೂ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು, ಆಮೇಲೆ ಸ್ವಲ್ಪ ಹೊತ್ತು ಚಹಾದ ಹೆಸರೆತ್ತಬಾರದು.

ಬರಿಹೊಟ್ಟೆಯ ವಿಷಯದಲ್ಲಿ ನಮ್ಮ ಮನೆಗೆ ಯಾವ ಡಾಕ್ಟರೂ ಪಾಠ ಹೇಳಬೇಕಾಗಿಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸುವ ತನಕ ಹನಿ ನೀರು ಕೂಡ ಬಾಯಿಗೆ ಹೋಗುವುದಿಲ್ಲ. ಹೀಗಾಗಿ ಗುಳಿಗೆಯ ಬಾಟಲಿಗಳೂ ಕ್ರಮೇಣ ದೇವರ ಜಗಲಿಯನ್ನೇರಿ ವಿಭೂತಿ ಗಟ್ಟಿಯ ಪಕ್ಕದಲ್ಲಿ ಕೂತವು. ಪೂಜೆ ಮುಗಿದೊಡನೆ ಅತ್ತೆ ನನಗೆ ಪ್ರಸಾದ ಕೊಡುತ್ತಿದ್ದರು, ಅದರ ಬೆನ್ನಿಗೇ ಗುಳಿಗೆಯನ್ನೂ ಕೊಡುತ್ತಿದ್ದರು. ನಾನು ಬಲಗೈ ಚಾಚಿ, ಕಣ್ಣು ಮುಚ್ಚಿ, ಎರಡಕ್ಕೂ ಒಂದೇ ಭಕ್ತಿಯಿಂದ ಬಾಯಿ ತೆರೆಯುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಅಂಗೈಯಲ್ಲಿ ಬಿದ್ದದ್ದನ್ನು ತಿರುಗಿಸಿ ನೋಡಿದ್ದಕ್ಕೆ ಅತ್ತೆ, "ಪ್ರಸಾದಾನ ಪರೀಕ್ಷಾ ಮಾಡಬಾರ್ದವಾ, ತೊಗೊಂಡ ಬಿಡಬೇಕು" ಎಂದಿದ್ದರು. ಆ ಮಾತನ್ನು ನಾನು ಗುಳಿಗೆಗೂ ಅನ್ವಯಿಸಿಕೊಂಡೆ.

ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ನೇಕಾರರ ಮನೆಯಲ್ಲಿ ಹುಟ್ಟಿ, ಸೀರೆ ಅಂಗಡಿಯವರ ಮನೆಗೆ ಬಂದವರು. ಬಣ್ಣದ ವಿಷಯದಲ್ಲಿ ಅವರ ಮುಂದೆ ಯಾರೂ ಬಾಯಿ ತೆಗೆಯುವಂತಿಲ್ಲ. ನಮ್ಮ ಮನೆಯವರು, ಎಂದರೆ ನನ್ನ ಯಜಮಾನರು, ಮನೆಯ ಮುಂದಿನ ಅಂಗಡಿಯಲ್ಲಿ "ಕೆಂಪ ಸೀರಿ" ಎಂದರೆ ಒಳಗಿನಿಂದಲೇ "ಯಾವ ಕೆಂಪಲೇ? ಅದಕ್ಕೊಂದು ಹೆಸರಿಲ್ಲೇನು?" ಎಂದು ಗದರುತ್ತಿದ್ದರು. ಗುಳಿಗೆಗಳಿಗೂ ಅದೇ ಲೆಕ್ಕ. ಗಿಳಿಹಸಿರು ಚೀಟಿಯ ಬಾಟಲಿ ಅವರದು, ದಾಳಿಂಬೆ ಬಣ್ಣದ್ದು ನನ್ನದು. ವರ್ಷಗಳಿಂದ ಒಂದು ದಿನವೂ ತಪ್ಪಿದ್ದಿಲ್ಲ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮ ಖಾಯಂ ಔಷಧದಂಗಡಿಯಲ್ಲಿ ನಮ್ಮ ಖಾಯಂ ಗುಳಿಗೆ ಸಿಗಲಿಲ್ಲ. ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟು, "ಕಂಪನಿ ಅಷ್ಟ ಬ್ಯಾರೆ ನೋಡ್ರಿ, ಒಳಗಿಂದು ಅದ" ಎಂದರಂತೆ. ನಮ್ಮ ಮನೆಯವರು ಎರಡು ಬಾಟಲಿ ತಂದು ಅತ್ತೆಯ ಕೈಗೆ ಕೊಟ್ಟರು. ಹೊಸ ಕಂಪನಿಯದರಲ್ಲೂ ಒಂದು ಹಸಿರು, ಒಂದು ದಾಳಿಂಬೆ ಇದ್ದದ್ದನ್ನು ಕಂಡು ಅತ್ತೆಗೆ ಬಹಳ ಸಂತೋಷವಾಯಿತು. ಹಳೆಯವು ಕೂತಿದ್ದ ಜಾಗದಲ್ಲೇ ಇವನ್ನೂ ಕೂಡಿಸಿದರು.

ಅಲ್ಲಿಂದ ಶುರುವಾಯಿತು ನೋಡಿ. ಕೆಲವು ದಿನಗಳಲ್ಲೇ ನಮ್ಮ ಅತ್ತೆ ಯಾರೋ ಬೇರೆಯವರಾದರು. ಮಂಡಿನೋವೆಂದು ಹೊಸ್ತಿಲು ದಾಟಲೂ ಗೊಣಗುತ್ತಿದ್ದವರು ಹಾಲಿನವನು ಬರುವ ಮೊದಲೇ ಎದ್ದು ಅಂಗಳ ಗುಡಿಸಿ ರಂಗೋಲಿ ಹಾಕಿರುತ್ತಿದ್ದರು. ಒಂದು ದಿನ ನಾನು ಶಾಲೆಯಿಂದ ಬಂದಾಗ ಅಟ್ಟದ ಮೇಲಿನಿಂದ ತಾಮ್ರದ ಹಂಡೆಯೊಂದು ಕೆಳಗಿಳಿಯುತ್ತಿತ್ತು. ಹಂಡೆಯ ಹಿಂದೆ ಅತ್ತೆ! ನಾನು ಹೌಹಾರಿ ಏಣಿ ಹಿಡಿದುಕೊಂಡೆ. "ಏಣಿ ಬಿಡ, ಹುಣಸಿಹಣ್ಣು ತೊಗೊಂಡ ಬಾ, ತಿಕ್ಕೂಣು" ಎಂದರು. ಕಾಯಿಪಲ್ಲೆಯವಳ ಜತೆ ಮೆಂತ್ಯದ ಸಿವುಡಿಗಾಗಿ ಓಣಿಯೇ ಕೇಳುವಂತೆ ಜಗಳ ಮಾಡಿದರು. ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು, ಆದರೆ ದೂರಿನ ದನಿಯಲ್ಲಲ್ಲ, ಉಳಿತಾಯ ಮಾಡಿದವರ ದನಿಯಲ್ಲಿ.

ನನ್ನ ಕಥೆ ತದ್ವಿರುದ್ಧ. ಬಾಗಲಕೋಟೆ ಸೀಮೆಯ ಬಿಸಿಲು ಏರತೊಡಗಿತ್ತು, ಗೋಡೆ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಅಂಥಾದ್ದರಲ್ಲಿ ನಾನು ಸ್ಟಾಫ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು, "ಯಾರರ ಫ್ಯಾನ್ ಬಂದ್ ಮಾಡ್ರಿ" ಎಂದೆ. ಗಣಿತದ ಮೇಷ್ಟ್ರು ಬೆವರು ಒರೆಸುತ್ತಿದ್ದ ಕರವಸ್ತ್ರವನ್ನು ಹಾಗೇ ಹಿಡಿದು ನನ್ನನ್ನೇ ದಿಟ್ಟಿಸಿದರು. ಮುಖ ಊದಿಕೊಂಡಿತು, ಬಾಚಣಿಕೆಯಲ್ಲಿ ಕೂದಲು ಹಿಡಿಹಿಡಿಯಾಗಿ ಬಂತು. ಕೂತಲ್ಲಿ ನಿದ್ದೆ, ನಿಂತಲ್ಲಿ ತೂಕಡಿಕೆ. ಒಂದು ಬೆಳಗ್ಗೆ ಬಸ್ಸಿನಲ್ಲಿ ಕಣ್ಣು ಮುಚ್ಚಿದವಳು ಹುನಗುಂದ ದಾಟಿಹೋದದ್ದು ತಿಳಿಯಲೇ ಇಲ್ಲ. ಕಂಡಕ್ಟರ್ ಎಬ್ಬಿಸಿ, "ಅಕ್ಕಾರ, ಅಮೀನಗಡ ಬಂತರಿ" ಎಂದಾಗ ಗಡಬಡಿಸಿ ಇಳಿದೆ. ಅಮೀನಗಡದವರೆಗೆ ಬಂದು ಬರಿಗೈಲಿ ಹೋಗುವುದು ಹೇಗೆಂದು ಅಲ್ಲಿಯ ಹೆಸರಾದ ಸಿಹಿ ಕರದಂಟು ಕಟ್ಟಿಸಿಕೊಂಡು ಮರಳುವ ಬಸ್ಸು ಹಿಡಿದೆ. ಹೆಡ್‌ಮಾಸ್ತರರು ಕರದಂಟು ತಿನ್ನುತ್ತಲೇ ನನಗೆ ನೋಟಿಸ್ ಕೊಡುವ ಮಾತಾಡಿದರು.

ಇಷ್ಟಾದರೂ ನನ್ನ ವಿಜ್ಞಾನ ಬುದ್ಧಿಗೆ ಹೊಳೆದದ್ದು ಒಂದೇ ಉತ್ತರ: ಕಂಪನಿ ಸರಿಯಿಲ್ಲ. ಕಲಬೆರಕೆ ಮಾಲು. ಅತ್ತೆಯ ತೀರ್ಮಾನವೂ ಕಂಪನಿಯ ಬಗ್ಗೆಯೇ ಇತ್ತು, ಆದರೆ ಬೇರೆ ದಿಕ್ಕಿಗೆ. "ಇಂಥಾ ಗುಳಿಗಿ ಮೊದಲ ಯಾಕ ಕೊಡಲಿಲ್ಲ? ಆ ಹಳೇ ಕಂಪನಿಯವ್ರು ಇಷ್ಟ ವರ್ಷ ಸುಣ್ಣದ ಪುಡಿ ಕೊಟ್ಟಾರ!" ಎಂದು ಅವರು. "ಇವ್ರ ಗುಳಿಗಿ ತೊಗೊಂಡು ನಾ ಅರ್ಧ ಸತ್ತೀನ್ರಿ" ಎಂದು ನಾನು. ಒಂದೇ ಕಂಪನಿಯನ್ನು ಒಂದೇ ಮನೆಯಲ್ಲಿ ಒಬ್ಬರು ಹೊಗಳಿ ಇನ್ನೊಬ್ಬರು ಬೈಯುವುದನ್ನು ಕೇಳಿ ಕೇಳಿ ನಮ್ಮ ಮನೆಯವರು ಅಂಗಡಿಯಿಂದ ತಡವಾಗಿ ಒಳಗೆ ಬರತೊಡಗಿದರು. ಡಾಕ್ಟರ ಬಳಿ ಹೋಗಿ ರಕ್ತ ತೋರಿಸೋಣ ಎಂದು ಅವರೇ ಒಮ್ಮೆ ಹೇಳಿದರು. ಅಷ್ಟು ದೂರ ನಡೆಯಲು ನನಗೆ ಆಲಸ್ಯ, ಕೂತು ಕಾಯಲು ಅತ್ತೆಗೆ ಪುರುಸೊತ್ತಿಲ್ಲ.

ಆಗ ಅತ್ತೆ ಮಹಾಕೂಟಕ್ಕೆ ಹೊರಟರು. ಅದರ ಪಕ್ಕದ ಬಾದಾಮಿ ನನ್ನ ತವರು. ಮೂವರೂ ಹಿಂದಿನ ದಿನವೇ ಅಲ್ಲಿಗೆ ಹೋದೆವು. ಗುಹೆಗಳನ್ನು ನೋಡಲು ಹೋದಾಗಲೆಲ್ಲ ಕೆಳಗೆ ಕೂತು ಮಂಗಗಳಿಂದ ಚೀಲ ಕಾಯುತ್ತಿದ್ದ ಅತ್ತೆ ಈ ಸಲ ನಮ್ಮೆಲ್ಲರಿಗಿಂತ ಮುಂದೆ ಮೆಟ್ಟಿಲೇರಿಬಿಟ್ಟರು. ಚೀಲ ಹಿಡಿದು ಕೆಳಗೆ ಕೂತವಳು ನಾನು. ಮಂಗಗಳೂ ನನ್ನನ್ನು ಬಾಧಿಸಲಿಲ್ಲ, ಅಷ್ಟು ಕಳೆಗೆಟ್ಟಿದ್ದೆ.

ಮರುದಿನ ಮಹಾಕೂಟದ ಹೊಂಡದಲ್ಲಿ ಮಿಂದು ಬಂದ ಅತ್ತೆ ಮೆಟ್ಟಿಲ ಮೇಲೆ ಕೂತು ವಿಭೂತಿ ಧರಿಸತೊಡಗಿದರು. ಮೂರು ಬೆರಳು ಹಣೆಯ ಮೇಲೆ ಎಳೆದರೆ ಗೀರುಗಳು ಅಂಕುಡೊಂಕಾದವು. ಒರೆಸಿ ಮತ್ತೆ ಎಳೆದರು, ಮತ್ತೆ ಅಷ್ಟೇ. ಬೆರಳು ನಡುಗುತ್ತಿದ್ದವು. ಗೀರು ಅತ್ತಿತ್ತ ಆದದ್ದನ್ನು ನಾನೆಂದೂ ಅವರ ಹಣೆಯಲ್ಲಿ ಕಂಡವಳಲ್ಲ. "ಯಾಕ್ರಿ ಅತ್ತಿ?" ಎಂದೆ. ಅವರು ನನ್ನ ಕೈ ಹಿಡಿದು ಎದೆಯ ಮೇಲಿಟ್ಟುಕೊಂಡು, "ಎದ್ಯಾಗ ಮಗ್ಗ ನಡದಂಗ ಆಗೇತಿ ನೋಡವಾ. ನಿಂದ್ರವಲ್ದು" ಎಂದರು. ಖರೆ, ಒಳಗೆ ಲಾಳಿ ಓಡಾಡಿದಂತೆ ಬಡಿತ. ನನ್ನ ಒಂದು ತಿಂಗಳ ನಿದ್ದೆ ಆ ಕ್ಷಣದಲ್ಲಿ ಹಾರಿಹೋಯಿತು. ಇವರು ಇಲ್ಲೇ ಹೋಗಿಬಿಟ್ಟರೆ ಎಂಬ ಯೋಚನೆ ಬಂದು ನಮ್ಮ ಮನೆಯವರನ್ನು ಕೂಗಿ ಕರೆದೆ.

ಬಾದಾಮಿಯ ಒಂದು ದವಾಖಾನೆಗೆ ಕರೆತಂದೆವು. ಇಸಿಜಿ ತೆಗೆದ ಡಾಕ್ಟರು, "ಏನೇನು ಗುಳಿಗಿ ನಡದಾವ?" ಎಂದು ಕೇಳಿದರು. ಅತ್ತೆ ವಿಭೂತಿಯ ಚೀಲದಿಂದ ಎರಡೂ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ಇದರಾಗ ನಿಮ್ಮದ್ಯಾವುದು ಯವ್ವಾ?"

"ಹಸರು ನಂದು. ದಾಳಿಂಬಿ ನನ್ನ ಸೊಸಿದು."

ಡಾಕ್ಟರು ಹಸಿರು ಬಾಟಲಿಯನ್ನು ಕಣ್ಣಿನ ಹತ್ತಿರ ತಂದರು, ಆಮೇಲೆ ದಾಳಿಂಬೆಯದನ್ನು. ನಂತರ ನನ್ನ ಊದಿದ ಮುಖವನ್ನೂ ಸ್ವೆಟರನ್ನೂ ನೋಡಿ, ಯಾರಿಗೆ ಎಷ್ಟರ ಗುಳಿಗೆ ಬರೆದುಕೊಟ್ಟಿದ್ದಾರೆಂದು ನನ್ನಿಂದ ಕೇಳಿ ತಿಳಿದುಕೊಂಡರು. "ಹಸರು ಬಾಟ್ಲಿ ಮ್ಯಾಲೆ ನೂರಂತ ಬರದೈತಲ್ಲರಿ! ಇಪ್ಪತ್ತೈದು ಇರೋದು ಕೆಂಪು ಬಾಟ್ಲಿ ಮ್ಯಾಲೆ. ನಿಮ್ಮ ಗುಳಿಗಿ ಅವ್ರು ತೊಗೊಂಡಾರ, ಅವ್ರದು ನೀವು ನುಂಗೀರಿ." ಹಳೆಯ ಕಂಪನಿ ಯಾವುದಕ್ಕೆ ಹಸಿರು ಬಳಿದಿತ್ತೋ ಹೊಸ ಕಂಪನಿ ಅದಕ್ಕೆ ಕೆಂಪು ಬಳಿದಿತ್ತು, ಅಷ್ಟೇ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಟ್ಟ ಏರಿದ್ದು, ಗುಹೆ ಏರಿದ್ದು, ಕಾಯಿಪಲ್ಲೆಯವಳ ಜಗಳ, ಎಲ್ಲವೂ ನನ್ನ ಗುಳಿಗೆ! ಆ ಎದೆಯೊಳಗೆ ಮಗ್ಗ ಓಡಿಸಿದ್ದೂ ನನ್ನದೇ ಗುಳಿಗೆ. ಕಣ್ಣಲ್ಲಿ ನೀರು ಬಂತು.

"ನೀವೇನು ಕೆಲಸ ಮಾಡ್ತೀರಿ?" ಡಾಕ್ಟರು ನನ್ನನ್ನು ಕೇಳಿದರು.

"ಹೈಸ್ಕೂಲ್ ಟೀಚರ್ ರಿ."

"ಯಾವ ವಿಷಯ?"

"ಕನ್ನಡ ರಿ" ಎಂದೆ.

"ಏ, ವಿಜ್ಞಾನ ಅಲ್ಲೇನ ನಿಂದು?" ಎಂದರು ಪಕ್ಕದಲ್ಲಿದ್ದ ನಮ್ಮ ಮನೆಯವರು. ಹೆಂಡತಿಯ ವಿಷಯದಲ್ಲಿ ಅವರು ಅಷ್ಟು ನಿಖರವಾಗಿ ಮಾತಾಡಿದ್ದು ಅದೊಂದೇ ಸಲ.

ಡಾಕ್ಟರು ಪುಣ್ಯಾತ್ಮರು, ನಗಲಿಲ್ಲ. ಹೃದಯಕ್ಕೆ ಪೆಟ್ಟಾಗಿಲ್ಲ ಎಂದರು, ಅತ್ತೆಯ ಗುಳಿಗೆಯನ್ನು ಕೆಲವು ದಿನ ನಿಲ್ಲಿಸಿದರು. ಕಂಪನಿ ಬದಲಾದರೆ ಒಬ್ಬೊಬ್ಬರ ಮೈಯಲ್ಲಿ ಸಣ್ಣಪುಟ್ಟ ಏರುಪೇರು ಆಗುವುದುಂಟಂತೆ. ಅದಕ್ಕೇ ಬದಲಿಸುವ ಮೊದಲು ಡಾಕ್ಟರಿಗೆ ತಿಳಿಸಬೇಕು, ಒಂದೂವರೆ ಎರಡು ತಿಂಗಳಿಗೆ ರಕ್ತ ತಪಾಸಣೆ ಮಾಡಿಸಬೇಕು. "ಆದ್ರ ಇಷ್ಟೊಂದು ಆಗಿದ್ದಕ್ಕ ಕಂಪನಿನ ಬೈಬ್ಯಾಡ್ರಿ" ಎಂದರು.

ಮನೆಗೆ ಬಂದು ಎಲ್ಲ ಸರಿಹೋಯಿತು ಎನ್ನಬೇಕು, ಆದರೆ ಸರಿಹೋಗಲಿಲ್ಲ. ಅತ್ತೆಯ ಎದೆ ತಣ್ಣಗಾಯಿತು, ಹಂಡೆ ಅಟ್ಟಕ್ಕೆ ಮರಳಿತು, ನಾನು ಹುನಗುಂದದಲ್ಲೇ ಇಳಿಯತೊಡಗಿದೆ. ಆದರೆ ಪೂಜೆಯಾದ ಮೇಲೆ ಅತ್ತೆ ನನ್ನ ಕೈಗೆ ಪ್ರಸಾದವನ್ನಷ್ಟೇ ಕೊಟ್ಟು, "ನಿನ್ನ ಗುಳಿಗಿ ನೀನ ತೊಗೊ. ನನ್ನ ಕಣ್ಣಿನ ಮ್ಯಾಲೆ ನನಗ ಇನ್ನ ನಂಬಿಕಿಲ್ಲ" ಎಂದು ಮುಖ ತಿರುಗಿಸುತ್ತಿದ್ದರು. ಅಂಗಡಿಯಲ್ಲಿ ಯಾರು ಯಾವ ಕೆಂಪನ್ನು ಏನೆಂದು ಕರೆದರೂ ಒಳಗಿನಿಂದ ಗದರಿಕೆ ಬರುತ್ತಿರಲಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ. ಅವರ ಕಣ್ಣು ತಪ್ಪಿರಲಿಲ್ಲ, ಹಸಿರನ್ನು ಹಸಿರೆಂದೇ ನೋಡಿದ್ದರು. ತಪ್ಪಿದ್ದು ಮುಚ್ಚಿಕೊಂಡಿದ್ದ ನನ್ನ ಕಣ್ಣು.

ಅಂಗಡಿಯಿಂದ ಎರಡು ತುಂಡು ಬಟ್ಟೆ ತಂದೆ, ಒಂದು ಗಿಳಿಹಸಿರು, ಇನ್ನೊಂದು ದಾಳಿಂಬೆ. ಬಾಟಲಿ ಬಂದೊಡನೆ ಮೇಲಿನ ಅಕ್ಷರ ಓದುವುದು ನನ್ನ ಕೆಲಸ, ಓದಿ ಇಪ್ಪತ್ತೈದಕ್ಕೆ ಹಸಿರು ಬಟ್ಟೆ, ನೂರಕ್ಕೆ ದಾಳಿಂಬೆ ಸುತ್ತಿ ಕಟ್ಟುವುದು. ಕಂಪನಿಯವರು ಒಳಗೆ ಏನು ಬಣ್ಣವಾದರೂ ಬಳಿದುಕೊಳ್ಳಲಿ. ಅತ್ತೆ ದಾಳಿಂಬೆಯ ತುಂಡನ್ನು ಬೆಳಕಿಗೆ ಹಿಡಿದು, "ಇದು ದಾಳಿಂಬಿ ಅಲ್ಲ, ಕುಂಕುಮ. ಇರಲಿ, ನಡೀತೈತಿ" ಎಂದು ಜಗಲಿಯ ಮೇಲಿಟ್ಟರು. ಮರುದಿನದಿಂದ ಗುಳಿಗೆ ಮತ್ತೆ ಅವರ ಕೈಯಿಂದಲೇ ಬರತೊಡಗಿತು, ಒಂದು ಹೊಸ ಷರತ್ತಿನೊಂದಿಗೆ: "ಕಣ್ಣ ತಗದ ನೋಡಿ ತೊಗೊಬೇಕು."

ಹೋದ ಸೋಮವಾರ ಪೂಜೆ ಮುಗಿಯಿತು. ಕೈ ಚಾಚಿದೆ, ಪ್ರಸಾದ ಬಂತು, ಅದರ ಬೆನ್ನಿಗೇ ಗುಳಿಗೆಯೂ ಬಂತು, ನುಂಗಿದೆ. ಕಣ್ಣು ತೆರೆದಾಗ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಇನ್ನೊಂದು ಕೈಯಲ್ಲಿ ನನ್ನ ಗುಳಿಗೆ ಹಾಗೇ ಇತ್ತು.

"ನಾ ಕೊಟ್ಟಿದ್ದು ಕಲ್ಲಸಕ್ಕರಿ ಚೂರು. ಸಿಹಿ ಹತ್ತಲಿಲ್ಲೇನ, ವಿಜ್ಞಾನ ಟೀಚರ್?"

ಹತ್ತಿತ್ತು, ಇಲ್ಲವೆನ್ನಲಾರೆ. ಆದರೆ ಕಂಪನಿ ಮತ್ತೆ ಬದಲಾಗಿರಬೇಕು ಎಂದುಕೊಂಡಿದ್ದೆ.