ಹಂದಿಗಳ ವಿರುದ್ಧ ಮಾವ ಕಟ್ಟಿದ ಗಡಿಕೋಟೆ

ಫ್ರಾನ್ಸಿನ ಸೇನಾಪತಿಗಳು ಮಳವಳ್ಳಿ ಕಡೆ ಬಂದು ನಮ್ಮ ಸೋದರಮಾವನನ್ನು ಒಂದು ಮಾತು ಕೇಳಿದ್ದರೆ ಅವರ ದೇಶ ಉಳಿಯುತ್ತಿತ್ತೋ ಏನೋ! ಖಂಡಿತ ಉಳಿಯುತ್ತಿರಲಿಲ್ಲ ಅನ್ನುವವರೂ ನಮ್ಮ ಮನೆಯಲ್ಲಿದ್ದಾರೆ. ಅವರಲ್ಲಿ ಮೊದಲನೆಯವಳು ನಮ್ಮತ್ತೆ.

ಮಾವ ಮೊದಲನೇ ಮಹಾಯುದ್ಧದಲ್ಲಿ ಮೈಸೂರಿನ ಕುದುರೆಪಡೆಯ ಜೊತೆ ಈಜಿಪ್ಟಿಗೆ ಹೋಗಿಬಂದವನು. ಗುಂಡು ಹಾರಿಸಿದ್ದಕ್ಕಿಂತ ಕುದುರೆಗಳ ಮೈ ತಿಕ್ಕಿದ್ದೇ ಹೆಚ್ಚು. ಆದರೂ ಕಂದಕ, ಮುಳ್ಳುತಂತಿ, ಮರಳುಮೂಟೆ ಎಂದರೆ ಅವನ ಕಣ್ಣು ಅರಳುತ್ತಿತ್ತು. ಮೂವತ್ತರ ದಶಕದ ಕೊನೆಯಲ್ಲಿ ನಾನು ಮಳವಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಭಾನುವಾರ ಅವನ ಹಳ್ಳಿಗೆ ಹೋಗಿ ಪತ್ರಿಕೆ ಓದಿ ಹೇಳುತ್ತಿದ್ದೆ. ಜರ್ಮನಿಯವರನ್ನು ತಡೆಯಲು ಫ್ರಾನ್ಸಿನವರು ಗಡಿಯಲ್ಲಿ ನೆಲದೊಳಗೇ ಕೋಟೆಗಳ ಸಾಲು ಕಟ್ಟಿದ್ದಾರೆ, ಒಳಗೇ ಅಡುಗೆಮನೆ, ಆಸ್ಪತ್ರೆ, ರೈಲು ಎಂದು ಓದಿದ್ದೇ ತಪ್ಪಾಯಿತು. ಮಾರನೆಯ ದಿನ ಮಾವ ಗುದ್ದಲಿ ಹಿಡಿದ.

ಅವನ ಶತ್ರುಗಳು ಕಾಡುಹಂದಿಗಳು. ಗುಡ್ಡದಿಂದ ಇಳಿದು ಬಂದು ಕಬ್ಬು ಮುರಿಯುತ್ತಿದ್ದವು. ಆ ಕಡೆಗೆ ಎದೆಮಟ್ಟದ ಕಂದಕ, ಅದರ ಹಿಂದೆ ಮುಳ್ಳಿನ ಬೇಲಿ, ಅದರ ಹಿಂದೆ ಅರ್ಧ ನೆಲದೊಳಗೆ ಹೂತ ಕಲ್ಲಿನ ಕೋಣೆ. ಗೋಡೆ ಎರಡು ಮೊಳ ದಪ್ಪ, ಮೂರು ಕಂಡಿ. ಊಟವನ್ನೂ ಕಂಡಿಯಿಂದಲೇ ಕೊಡಬೇಕೆಂದು ಅವನ ಹಟ.

“ಮುದ್ದೆ ತೂರಕಿಲ್ಲ ಕಣಯ್ಯ,” ಎಂದಳು ಅತ್ತೆ.

“ಚಿಕ್ಕದಾಗಿ ಕಟ್ಟು.”

“ಚಿಕ್ಕ ಮುದ್ದೆ ತಿಂದು ಅದ್ಯಾವ ಯುದ್ಧ ಮಾಡೀಯೆ?”

ಉತ್ತರದ ಬದಿಯಲ್ಲಿ ಮಾತ್ರ ಏನೂ ಕಟ್ಟಲಿಲ್ಲ. ಅಲ್ಲಿದ್ದದ್ದು ಅವನ ಅಣ್ಣನ, ಅಂದರೆ ನಮ್ಮ ದೊಡ್ಡಮಾವನ ಗದ್ದೆ. ಯಾವುದೋ ಬದುವಿನ ಜಗಳಕ್ಕೆ ಅಣ್ಣತಮ್ಮಂದಿರಿಗೆ ಹತ್ತು ವರ್ಷದಿಂದ ಮಾತಿರಲಿಲ್ಲ.

“ಈ ಕಡೆ ಬಯಲಾಗೇ ಇದೆಯಲ್ಲ ಮಾವ?”

“ಫ್ರಾನ್ಸಿನೋರು ಬೆಲ್ಜಿಯಂ ಕಡೆ ಕಟ್ಟವ್ರಾ?”

“ಅಷ್ಟಾಗಿ ಇಲ್ಲ. ಅವರು ಸ್ನೇಹಿತರು.”

“ಮತ್ತೆ? ಸುಮ್ಕಿರ್ಲಾ.”

ಮಾವ ಕೋಟೆಯೊಳಗೇ ಮಲಗತೊಡಗಿದ. ಒಂದು ಬೆಳಿಗ್ಗೆ ಹೊರಗೆ ಬಂದು ನೋಡುತ್ತಾನೆ, ಅರ್ಧ ಕಬ್ಬು ನೆಲ ಹಿಡಿದಿದೆ! ಹಂದಿಗಳು ಗುಡ್ಡ ಸುತ್ತಿ, ದೊಡ್ಡಮಾವನ ಗದ್ದೆ ಹಾದು ಬಂದಿದ್ದವು. ಕಂದಕದಲ್ಲಿ ಒಂದು ಗೊರಸಿನ ಗುರುತೂ ಇಲ್ಲ. ಅಷ್ಟು ಗಲಾಟೆ ಇವನಿಗೆ ಕೇಳಿಸಲಿಲ್ಲವೆ? ಹೇಗೆ ಕೇಳಿಸೀತು, ಗೋಡೆ ಅಷ್ಟು ಚೆನ್ನಾಗಿತ್ತು! ಮುಂದಿನ ಬೇಸಿಗೆಯಲ್ಲಿ ಜರ್ಮನಿಯವರೂ ಹಾಗೇ ಬೆಲ್ಜಿಯಂ ಕಡೆಯಿಂದ ಸುತ್ತಿ ಬಂದರು. ಅವರಿಗೆ ಯಾರು ಹೇಳಿಕೊಟ್ಟರೋ, ನಮ್ಮ ಹಂದಿಗಳಂತೂ ಅಲ್ಲ.

ಕಬ್ಬು ಹಾಳಾದ ಸುದ್ದಿ ತಿಳಿದು ನಾನು ಹೋದಾಗ ಮಾವ ಮುರಿದ ಜಲ್ಲೆಗಳನ್ನು ಒಟ್ಟುತ್ತಿದ್ದ.

“ಆ ಕಡೆಗೂ ಕಂದಕ ತೋಡಿಸಿಬಿಡು ಮಾವ,” ಎಂದೆ.

ಅವನು ಇನ್ನೊಂದು ಜಲ್ಲೆ ಎತ್ತಿ ರಾಶಿಗೆ ಹಾಕಿದ.

“ಬ್ಯಾಡ ಬುಡ್ಲಾ. ಅಣ್ಣ ಯಾವತ್ತಾದ್ರೂ ಬರಾನ ಅಂದ್ಕಂಡ್ರೆ ಎಲ್ಲಿಂದ ಬಂದಾನು?”

ಅಂದೇ ಮಧ್ಯಾಹ್ನ ದೊಡ್ಡಮಾವ ಬದುವಿನ ಮೇಲೆ ಬಂದು ನಿಂತ. ಅವನ ಕಬ್ಬೂ ಹಾಳಾಗಿತ್ತು. ಬಿದ್ದ ಪೈರನ್ನು ನೋಡಿದ, ಕಲ್ಲಿನ ಕೋಣೆಯನ್ನು ನೋಡಿದ.

“ಏನ್ಲಾ ಇದು?”

ಮಾವ ಪಂಚೆಗೆ ಕೈ ಒರೆಸಿಕೊಂಡ.

“ಬಾಣ್ಣ, ತೋರುಸ್ತೀನಿ.”

ಆ ಕೋಣೆಯಲ್ಲಿ ಇಬ್ಬರು ಸರಿಯಾಗಿ ಕೂರುವಷ್ಟು ಜಾಗವಿರಲಿಲ್ಲ. ಆದರೂ ಹೊತ್ತು ಇಳಿಯುವ ತನಕ ಇಬ್ಬರೂ ಹೊರಗೆ ಬರಲಿಲ್ಲ.