ಮೂಟಪ್ಪನಿಗೆ ಮೂವತ್ತು

ಅರಸೀಕೆರೆಯಲ್ಲಿ ಯಾರಿಗಾದರೂ ಸಾಯುವ ಯೋಚನೆ ಇದ್ದರೆ ಮೊದಲು ನಮ್ಮ ಅಕ್ಕನ ಅಪ್ಪಣೆ ಪಡೆಯುವುದು ಒಳ್ಳೆಯದು! ಹೇಳದೆ ಕೇಳದೆ ಎದೆ ಹಿಡಿದುಕೊಂಡು ಹೊರಟುಬಿಡುತ್ತೇನೆ ಎಂದರೆ ಆಕೆ ಬಿಡುವವಳಲ್ಲ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಸರ್ಕಾರವೇನೋ ಅವಳಿಗೆ ನಿವೃತ್ತಿ ಕೊಟ್ಟಿತು. ಅವಳು ತೆಗೆದುಕೊಳ್ಳಲಿಲ್ಲ, ಅಷ್ಟೆ.

ಬೀಳ್ಕೊಡುಗೆಯ ಹಾರ ಇನ್ನೂ ಬಾಡಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಇನ್ನೊಂದರಲ್ಲಿ ಬಿ.ಪಿ. ನೋಡುವ ಯಂತ್ರ ಹಿಡಿದು ನಮ್ಮ ಷಟಲ್ ಕೋರ್ಟಿಗೆ ಬಂದಳು. ಹಿಂದೆ ನಮ್ಮ ಭಾವ, ಬೆನ್ನ ಮೇಲೊಂದು ಮೂಟೆ. ಕೋರ್ಟು ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಕೊಬ್ಬರಿ ಸಾಹುಕಾರರ ಖಾಲಿ ಗೋದಾಮಿನಲ್ಲಿ ಗೆರೆ ಎಳೆದು ಬಲೆ ಕಟ್ಟಿದ್ದೇವೆ. ಆಡುವವರು ನಾವು ಎಂಟೊಂಬತ್ತು ಮಂದಿ, ಎಲ್ಲರೂ ಐವತ್ತರ ಆಚೀಚೆ. ಇಡೀ ದಿನ ಕುರ್ಚಿಯಲ್ಲಿ ಕೂತು, ಬೆಳಿಗ್ಗೆ ಒಂದು ಗಂಟೆ ಮಾತ್ರ ಹುಲಿಗಳಾಗುವ ಜಾತಿ. ನಾನು ಹೈಸ್ಕೂಲಿನ ಗುಮಾಸ್ತ, ಆ ಹುಲಿಗಳಲ್ಲೊಬ್ಬ.

ಮೂಟೆಯ ವಿಷಯಕ್ಕೆ ಬರುತ್ತೇನೆ. ಅಕ್ಕ ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ, ಬಾಯಿ ಹೊಲಿದು, ಮೇಲೆ ಭಾವನ ಹಳೇ ನೀಲಿ ಅಂಗಿ ತೊಡಿಸಿ ಗುಂಡಿ ಹಾಕಿದ್ದಳು. ಅದನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಇನ್ನು ಮುಂದೆ ಇದರ ಎದೆಯನ್ನು ಮೂವತ್ತು ಸಲ ಒತ್ತದೆ ಯಾರೂ ಬ್ಯಾಟು ಮುಟ್ಟುವ ಹಾಗಿಲ್ಲ ಎಂದು ಘೋಷಿಸಿದಳು. ಷಟಲ್ ಆಡುತ್ತ ಆಡುತ್ತ ಎದೆ ನಿಂತು ಬೀಳುವವರು ಎಲ್ಲ ಊರಲ್ಲೂ ಇದ್ದಾರೆ, ಬಿದ್ದವನನ್ನು ಸುತ್ತುವರಿದು ನೋಡುವವರೂ ಎಲ್ಲ ಊರಲ್ಲೂ ಇದ್ದಾರೆ, ಈ ಗೋದಾಮಿನಲ್ಲಿ ಮಾತ್ರ ಒತ್ತುವವರು ಇರಬೇಕು ಎಂಬುದು ಅವಳ ಹಟ. ಮೂಟೆಗೆ ಮೂಟಪ್ಪ ಎಂದು ನಾಮಕರಣ ಮಾಡಿದವನು ನಾನು. ತಮಾಷೆಗೆ ಇಟ್ಟ ಹೆಸರು ಎರಡೇ ದಿನದಲ್ಲಿ ಖಾಯಂ ಆಯಿತು. ಭಾವನನ್ನು ಕೇಳಿದರೆ, ಮದುವೆಯಾದಂದಿನಿಂದ ತನ್ನ ಅಂಗಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಇದೇ ಮೊದಲು ಎಂದು ಸಂತೋಷಪಟ್ಟರು.

ಮೊದಲ ಸರದಿ ಸಾಹುಕಾರರದು. ಆಳು ದಪ್ಪ, ಕೈ ಇನ್ನೂ ದಪ್ಪ. ಅವರು ಮೊಣಕಾಲೂರಿ ಕೂತು ಒತ್ತಿದ ರಭಸಕ್ಕೆ ಹನ್ನೆರಡನೆಯ ಎಣಿಕೆಗೇ ಹೊಲಿಗೆ ಬಿಟ್ಟು ನಾರೆಲ್ಲ ಆಚೆ ಬಂತು. ಪಾಪ, ಕರುಳೇ ಬಂತಲ್ಲ ಎಂದು ನಾವು ಬಿದ್ದು ಬಿದ್ದು ನಕ್ಕೆವು. ಅಕ್ಕ ನಗಲಿಲ್ಲ. ಸೀರೆಯ ಸೆರಗಿನಿಂದ ದಬ್ಬಳ ತೆಗೆದು ಅಲ್ಲೇ ಕೂತು ಹೊಲಿದಳು. ಒತ್ತಿದರೆ ಹೀಗೆ ಒತ್ತಬೇಕು ಎಂದು ಸಾಹುಕಾರರನ್ನು ಹೊಗಳಿದಳು. ಅವತ್ತಿನಿಂದ ಅವರು ತರಗತಿಗೇ ಮೊದಲಿಗರು. ಇನ್ನೊಬ್ಬರು ಮೃದುವಾಗಿ ಸವರುತ್ತಿದ್ದುದನ್ನು ನೋಡಿ, ಅದು ಎದೆಯಲ್ಲ ಹೊಟ್ಟೆ, ಅಲ್ಲಿರುವುದು ಹೃದಯವಲ್ಲ ನಿನ್ನೆಯ ದೋಸೆ ಎಂದು ತಿದ್ದಿದಳು. ಬಾಯಿಗೆ ಬಾಯಿಟ್ಟು ಊದಬೇಕೇ ಎಂದು ಒಬ್ಬರು ಸಾಹುಕಾರರ ಎಲೆಅಡಿಕೆಯ ಬಾಯಿಯನ್ನೇ ನೋಡುತ್ತ ಅಂಜಿ ಕೇಳಿದಾಗ, ಅದು ನನಗಿರಲಿ, ನೀವು ಒತ್ತಿದರೆ ಸಾಕು ಎಂದಳು. ಇಡೀ ಗೋದಾಮು ನಿಟ್ಟುಸಿರುಬಿಟ್ಟಿತು!

ನಾನು ಮಾತ್ರ ಹದಿನೈದಕ್ಕೇ ಎದ್ದುಬಿಡುತ್ತಿದ್ದೆ. ಸ್ವಂತ ತಮ್ಮನಿಗೆ ಅಷ್ಟೂ ರಿಯಾಯಿತಿ ಬೇಡವೇ? ಅಕ್ಕ ಬಯ್ಯುತ್ತಿರಲಿಲ್ಲ. ನಾನು ಎದ್ದು ಹೋಗಿ ಬ್ಯಾಟು ಹಿಡಿದ ಮೇಲೂ ನನ್ನನ್ನೇ ನೋಡುತ್ತ ಹದಿನಾರು, ಹದಿನೇಳು ಎಂದು ಮೂವತ್ತರವರೆಗೂ ಎಣಿಸುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು.

ಒತ್ತಾಟ ಮುಗಿದ ಮೇಲೆ ಅವಳು ಬಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ನೋಡಿದವರು ಅಂಪೈರು ಎಂದುಕೊಳ್ಳಬೇಕು. ಆದರೆ ಪಾಯಿಂಟು ಎಂದರೇನು ಎಂದು ಆಕೆಗೆ ಇವತ್ತಿಗೂ ಗೊತ್ತಿಲ್ಲ. ಇಪ್ಪತ್ತು-ಇಪ್ಪತ್ತರ ಸಮದಲ್ಲಿ, ಎಲ್ಲರೂ ಉಸಿರು ಬಿಗಿಹಿಡಿದಿರುವಾಗ ಎದ್ದು ಬಂದು, ಯಾಕೆ ಇಷ್ಟು ಬೆವರುತ್ತಿದ್ದೀರಿ ಎಂದು ವಿಚಾರಿಸುತ್ತಿದ್ದಳು. ಆಡುತ್ತಿದ್ದೇವಲ್ಲ ಅಕ್ಕ ಎಂದರೆ, ಹಾಗಾದರೆ ಎದುರಿನವರು ಯಾಕೆ ಬೆವರುತ್ತಿಲ್ಲ ಎಂದು ಮರುಪ್ರಶ್ನೆ.

ಅವಳ ನಿಜವಾದ ಶತ್ರು ಬೆವರಲ್ಲ, ಗ್ಯಾಸು. ನಮ್ಮ ಊರಿನ ಗಂಡಸರಿಗೆ ಹೃದಯ ಎಂಬ ಅಂಗವೇ ಇಲ್ಲ, ಗಮನಿಸಿದ್ದೀರಾ? ಎದೆ ಹಿಡಿದರೆ ಗ್ಯಾಸು, ಭುಜ ಸೆಳೆದರೆ ಗ್ಯಾಸು, ದವಡೆ ನೋಯುತ್ತಿದ್ದರೆ ಅದೂ ಎಲ್ಲಿಂದಲೋ ಏರಿ ಬಂದ ಗ್ಯಾಸು. ಒಂದು ಸೋಡಾ ಕುಡಿದು ತೇಗಿದರೆ ಮುಗಿಯಿತು. ಅದಕ್ಕೇ ಅಕ್ಕ ಇನ್ನೊಂದು ಕಾನೂನು ಮಾಡಿದಳು. ಗ್ಯಾಸು ಎಂಬ ಶಬ್ದ ಯಾರ ಬಾಯಿಂದ ಬಂತೋ ಅವನು ಅವತ್ತು ಆಡುವಂತಿಲ್ಲ. ಅವಳ ಪಕ್ಕದ ಕುರ್ಚಿಯಲ್ಲಿ ಕೂತು ನಾಡಿ ತೋರಿಸಬೇಕು, ಆಮೇಲೆ ಡಾಕ್ಟರ ಹತ್ತಿರ ಹೋಗಿ ಚೀಟಿ ತರಬೇಕು. ಒಂದೇ ವಾರದಲ್ಲಿ ಇಡೀ ಗೋದಾಮಿನಲ್ಲಿ ಯಾರಿಗೂ ಗ್ಯಾಸಿಲ್ಲದಂತಾಯಿತು!

ಇಷ್ಟೆಲ್ಲಕ್ಕೆ ಕಾರಣ ಮೇಷ್ಟ್ರು. ನಮ್ಮ ಶಾಲೆಯ ಗಣಿತದ ಮೇಷ್ಟ್ರು, ಡಬಲ್ಸಿನಲ್ಲಿ ನನ್ನ ಜೋಡಿ. ಅಕ್ಕನ ನಿವೃತ್ತಿಗೆ ಒಂದು ವರ್ಷ ಮೊದಲು, ಒಂದು ಬೆಳಿಗ್ಗೆ ಆಟದ ನಡುವೆ ಅವರು ಎದೆ ಉಜ್ಜಿಕೊಂಡು ಯಾಕೋ ಗ್ಯಾಸು ಕಣಯ್ಯ ಎಂದರು. ನಾನು, "ಇನ್ನೆರಡೇ ಪಾಯಿಂಟು ಮೇಷ್ಟ್ರೇ, ಮುಗಿಸಿಬಿಡೋಣ" ಅಂದೆ. ಒಂದು ಪಾಯಿಂಟು ಬಂತು. ಎರಡನೆಯದಕ್ಕೆ ಅವರು ಬಿದ್ದರು. ನಾವು ಏನು ಮಾಡಿದೆವು? ಒಬ್ಬರು ಪೇಪರಿನಲ್ಲಿ ಗಾಳಿ ಹಾಕಿದರು. ಒಬ್ಬರು ಈರುಳ್ಳಿ ತರಲು ಓಡಿದರು. ಒಬ್ಬರು ಬಾಯಿಗೆ ನೀರು ಬಿಟ್ಟರು. ಬಿದ್ದವನ ಕೈಗೆ ಕಬ್ಬಿಣ ಕೊಡಬೇಕು ಎಂದು ಯಾರೋ ಕೂಗಿದಾಗ ನನ್ನ ಸ್ಕೂಟರಿನ ಕೀ ತೆಗೆದು ಅವರ ಮುಷ್ಟಿಯಲ್ಲಿಟ್ಟು ಬೆರಳು ಮಡಿಸಿದವನು ನಾನು. ಆಮೇಲೆ ಆಟೋದಲ್ಲಿ ನೆಟ್ಟಗೆ ಕೂರಿಸಿಕೊಂಡು ಹೋದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೇಷ್ಟ್ರು ಹೋಗಿಬಿಟ್ಟಿದ್ದರು. ಎದೆ ಒತ್ತಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ, ಹೊಳೆದಿದ್ದರೂ ಬರುತ್ತಿರಲಿಲ್ಲ. ಅವತ್ತು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವಳು ಅಕ್ಕನೇ. ಸಂಜೆ ಮನೆಗೆ ಬಂದು, "ನಿನ್ನ ಕೀ" ಎಂದು ಮೇಜಿನ ಮೇಲಿಟ್ಟು ಹೋದಳು. ಆ ಸ್ಕೂಟರನ್ನು ನಾನು ಬಹಳ ದಿನ ಓಡಿಸಲಿಲ್ಲ.

ಇಂಥ ಅಕ್ಕ ನಮ್ಮನ್ನು ಬೇಲೂರಿನ ಟೂರ್ನಮೆಂಟಿಗೆ ಸುಮ್ಮನೆ ಕಳಿಸಿಯಾಳೇ? ಒಂದು ಭಾನುವಾರ ನಾವು ನಾಲ್ವರು, ಅಕ್ಕ ಮತ್ತು ಮೂಟಪ್ಪ ಬಸ್ಸು ಹತ್ತಿದೆವು. ಕಂಡಕ್ಟರು ಸೀಟಿನಲ್ಲಿ ಕೂತಿದ್ದ ನೀಲಿ ಅಂಗಿಯನ್ನು ಕೆಳಗಿಂದ ಮೇಲೆ ನೋಡಿ, ಇವರಿಗೆ ಟಿಕೇಟೋ ಲಗೇಜೋ ಎಂದು ಕೇಳಿದ. ಸದ್ಯಕ್ಕೆ ಉಸಿರಾಡುತ್ತಿಲ್ಲ, ಲಗೇಜು ಹಾಕಿ ಎಂದಳು ಅಕ್ಕ. ಜಾವಗಲ್ ದಾಟಿ ಹಳೇಬೀಡಿಗೆ ಬರುವಷ್ಟರಲ್ಲಿ ಬಸ್ಸು ತುಂಬಿತ್ತು. ಬಸ್ತಿಹಳ್ಳಿಯ ಒಬ್ಬ ಅಜ್ಜಿ ಹತ್ತಿದವಳೇ ಮೂಟಪ್ಪನ ಭುಜ ತಟ್ಟಿ, ಸ್ವಲ್ಪ ಜರುಗಪ್ಪ ಎಂದಳು. ಆತ ಜರುಗಲಿಲ್ಲ. ಈಗಿನ ಕಾಲದ ಗಂಡಸರಿಗೆ ದೊಡ್ಡವರು ಚಿಕ್ಕವರು ಎನ್ನುವುದೇ ಇಲ್ಲ ಎಂದು ಅಜ್ಜಿ ಬಯ್ಯಲು ಶುರುಮಾಡಿದಾಗ ಅಕ್ಕ ವಿಷಯ ಬಿಡಿಸಿ ಹೇಳಿ, ಮೂಟಪ್ಪನನ್ನು ಬಸ್ಸಿನ ನಡುದಾರಿಯಲ್ಲೇ ಮಲಗಿಸಿ ಒತ್ತುವುದನ್ನು ತೋರಿಸಿದಳು. ಹಿಂದಿನ ಸೀಟಿನ ಇಬ್ಬರು ಬಂದು ಒತ್ತಿದರು. ಕಂಡಕ್ಟರೂ ಒತ್ತಿದ.

ಅಜ್ಜಿ ಮಾತ್ರ ಅಕ್ಕನ ಮುಖವನ್ನೇ ನೋಡುತ್ತ, "ನಿಮ್ಮೋರು ಯಾರವ್ವ ಹೋಗಿದ್ದು?" ಎಂದು ಕೇಳಿದಳು.

"ಇನ್ನೂ ಹೋಗಿಲ್ಲ ಕಣಜ್ಜಿ. ಹೋಗಬಾರ್ದು ಅಂತ."

ಅಜ್ಜಿ ತಲೆಯಾಡಿಸಿದಳು. ನಾನು ಕಿಟಕಿಯಾಚೆ ನೋಡಿದೆ.

ಬೇಲೂರಿನಲ್ಲಿ ನಮ್ಮ ಎದುರಾಳಿಗಳು ಮೂಟಪ್ಪನನ್ನು ಕಂಡು, ಅರಸೀಕೆರೆಯವರು ಪ್ರೇಕ್ಷಕರನ್ನೂ ಮೂಟೆ ಕಟ್ಟಿಕೊಂಡು ಬಂದಿದ್ದಾರೆ ಎಂದು ನಕ್ಕರು. ನಕ್ಕವರನ್ನೆಲ್ಲ ಅಕ್ಕ ಸಾಲಾಗಿ ನಿಲ್ಲಿಸಿ ಒತ್ತಿಸಿದಳು. ಹೇಗೆ ಒತ್ತಬೇಕೆಂದು ತೋರಿಸಿ ತೋರಿಸಿ ನಮ್ಮ ನಾಲ್ವರ ತೋಳುಗಳು ಬಿದ್ದುಹೋದವು. ಮೊದಲ ಸುತ್ತಿನಲ್ಲೇ ಸೋತು, ಕಪ್ಪಿಲ್ಲದೆ, ಮೂಟಪ್ಪನೊಂದಿಗೆ ಊರಿಗೆ ಮರಳಿದೆವು. ಇನ್ನು ಮೇಲೆ ಈಕೆಯನ್ನು ಕರೆತರಬೇಡ ಎಂದು ಸಾಹುಕಾರರು ನನಗೆ ಗುಟ್ಟಾಗಿ ಹೇಳಿದರು. ಕರೆತಂದವನು ನಾನೇ ಏನೋ ಎಂಬಂತೆ!

ಈಗ ಒಂದು ತಪ್ಪೊಪ್ಪಿಗೆ. ಬೇಲೂರಿನಿಂದ ಬಂದು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ನಾಲ್ಕೂವರೆಗೇ ಎಚ್ಚರವಾಯಿತು. ಎದೆಯ ನಡುವೆ ಯಾರೋ ಮೊಣಕೈ ಊರಿದ ಹಾಗೆ. ಹೇಳಿದರೆ ಕುರ್ಚಿ, ನಾಡಿ, ಡಾಕ್ಟರು, ಚೀಟಿ. ಅವತ್ತು ಬೇರೆ ನನಗೂ ಸಾಹುಕಾರರಿಗೂ ವಾರದ ಪಂದ್ಯ. ಅಂಗಡಿ ತೆಗೆಸಿ ಜೀರಿಗೆ ಸೋಡಾ ಕುಡಿದೆ. ತೇಗು ಬಂತು, ನೋಡಿದೆಯಾ ಬರೀ ಅದೇ ಎಂದುಕೊಂಡೆ. ಶಬ್ದವನ್ನು ಬಾಯಿಬಿಟ್ಟು ಹೇಳಿರಲಿಲ್ಲವಾದ್ದರಿಂದ ಕಾನೂನು ಮುರಿದ ಹಾಗಾಗಲಿಲ್ಲ ಎಂಬ ಸಮಾಧಾನ ಬೇರೆ. ಮೇಷ್ಟ್ರ ಕೈಗೆ ಕೀ ಕೊಟ್ಟವನ ಬುದ್ಧಿ ನೋಡಿ! ಮೂಟಪ್ಪನನ್ನು ಹದಿನೈದು ಸಲ ಒತ್ತಿ ಎದ್ದೆ. ಅಕ್ಕ ಹದಿನಾರು ಎಂದಳು. ಆಟ ಹತ್ತೊಂಬತ್ತು-ಹತ್ತೊಂಬತ್ತಕ್ಕೆ ಬಂತು. ಸಾಹುಕಾರರು ಷಟಲನ್ನು ಮೇಲಕ್ಕೆ ಎತ್ತಿದರು. ಅದು ಮೇಲೆ ಹೋದದ್ದು ನೆನಪಿದೆ. ಕೆಳಗೆ ಬಂದದ್ದು ನೆನಪಿಲ್ಲ.

ಮುಂದಿನದು ನಾನು ಕಂಡದ್ದಲ್ಲ, ಕೇಳಿದ್ದು. ನಾನು ನೆಲಕ್ಕೆ ಬೀಳುವ ಮೊದಲೇ ಅಕ್ಕನ ಕುರ್ಚಿ ಹಿಂದಕ್ಕೆ ಬಿದ್ದಿತ್ತಂತೆ. ಮೊದಲ ಮೂವತ್ತು ಅವಳೇ ಒತ್ತಿದಳು. ಆಮೇಲೆ ಸಾಹುಕಾರರು, ಆಮೇಲೆ ದೋಸೆ ಒತ್ತುತ್ತಿದ್ದವರು, ಮತ್ತೆ ಸಾಹುಕಾರರು. ಯಾರೂ ಈರುಳ್ಳಿ ಹುಡುಕಲಿಲ್ಲ. ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಿ ಬಾಗಿಲಲ್ಲಿ ನಿಂತರು. ಉಳಿದವರು ಗೋದಾಮಿನಲ್ಲಿ ದಿನಾ ಮಾಡಿದ್ದನ್ನೇ ಮಾಡಿದರು. ಆಂಬುಲೆನ್ಸಿನವರು ಬಂದು ಎದೆಗೆ ಕರೆಂಟು ಕೊಟ್ಟಾಗ ಎಬ್ಬಿಸುವುದಕ್ಕೆ ನನ್ನಲ್ಲಿ ಏನೋ ಉಳಿದಿತ್ತು.

ಹಾಸನದ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟಾಗ ಎರಡು ಪಕ್ಕೆಲುಬು ಮುರಿದಿದ್ದವು. ಎರಡೂ ತಮ್ಮವೇ ಎಂದು ಸಾಹುಕಾರರು ಹೆಮ್ಮೆಯಿಂದ ಹೇಳಿಕೊಂಡರು! ಅಕ್ಕ ನನ್ನ ಹಾಸಿಗೆಯ ಪಕ್ಕ ನಿಂತು ಬಾಟಲಿಯ ಹನಿ ಎಣಿಸುತ್ತಿದ್ದಳು. ಬೆಳಿಗ್ಗೆಯಿಂದ ಎದೆ ಹಿಡಿದಿತ್ತು, ನಿನಗೆ ಹೇಳಲಿಲ್ಲ ಎಂದೆ. ಅವಳು ನನ್ನ ಹಣೆಯ ಮೇಲೆ ಕೈಯಿಟ್ಟು, "ಮಲಗು. ಪುಣ್ಯಕ್ಕೆ ಅವರ್ಯಾರೂ ನಿನ್ನ ಹಾಗೆ ಹದಿನೈದಕ್ಕೆ ಎದ್ದೋಗಲಿಲ್ಲ" ಎಂದಳು. ನನಗೆ ಅಳು ಬಂತು. ಅತ್ತರೆ ಪಕ್ಕೆ ನೋಯುತ್ತಿತ್ತು, ಆದರೂ ಅತ್ತೆ.

ಅವಳು ಕಾಫಿಗೆಂದು ಆಚೆ ಹೋದಾಗ ಸಾಹುಕಾರರು ಕುರ್ಚಿ ಹತ್ತಿರ ಎಳೆದುಕೊಂಡು ಇನ್ನೊಂದು ಮಾತು ಹೇಳಿದರು. ಅವತ್ತಿನ ಗಾಬರಿಯಲ್ಲಿ, ಹೊಸದಾಗಿ ಆಟಕ್ಕೆ ಸೇರಿದ್ದ ಒಬ್ಬರು ಜೇಬಿನಿಂದ ಕೀಗೊಂಚಲು ತೆಗೆದು ನನ್ನ ಕೈಗೆ ಇಡಲು ಓಡಿ ಬಂದರಂತೆ. ಅಕ್ಕ ನನ್ನ ಬಲಗೈ ಹಿಡಿದು ಪಕ್ಕದಲ್ಲೇ ಕೂತು ಸಾಹುಕಾರರಿಗೆ ಎಣಿಸಿಕೊಡುತ್ತಿದ್ದಳು. ತಲೆ ಎತ್ತಲಿಲ್ಲ, ಎಣಿಕೆಯನ್ನೂ ಬಿಡಲಿಲ್ಲ.

"ಇಪ್ಪತ್ತೆರಡು, ಇಪ್ಪತ್ಮೂರು, ಬೇಡ, ಆ ಕೈಲಿ ನಾನಿದೀನಿ, ಇಪ್ಪತ್ನಾಲ್ಕು" ಎಂದಳಂತೆ.